ಜಿನ್ನಿಯಾ: ಬೀಜದಿಂದ ಬೀಜದವರೆಗೆ

ಮನೆಯ ಮುಂದೆ ನಾಲ್ಕು ಅಡಿ ಬಿಸಿಲು ಬೀಳುವ ಜಾಗವಿದ್ದರೆ ಸಾಕು, ಜಿನ್ನಿಯಾ ಬೆಳೆಯಬಹುದು. ಕೆಂಪು, ಹಳದಿ, ಗುಲಾಬಿ, ಕಿತ್ತಳೆ, ಬಿಳಿ ಮುಂತಾದ ಬಣ್ಣಗಳಲ್ಲಿ ಅರಳುವ ಈ ಹೂವನ್ನು ನೀವೆಲ್ಲರೂ ನೋಡಿದ್ದೀರಿ. ಅದನ್ನು ಬೆಳೆಸುವುದು ಕಷ್ಟದ ಕೆಲಸವಲ್ಲ. ಆದರೂ ಅನೇಕ ಮನೆಗಳಲ್ಲಿ ಒಂದು ಸಂಗತಿ ಕಂಡುಬರುತ್ತದೆ. ಮೊದಲ ವರ್ಷ ಅಂಗೈಯಗಲ ಅರಳಿದ ಹೂ ಮೂರನೆಯ ವರ್ಷಕ್ಕೆ ಚಿಕ್ಕದಾಗುತ್ತದೆ, ಎಸಳುಗಳ ಸುತ್ತು ಕಡಿಮೆಯಾಗುತ್ತದೆ, ಬಣ್ಣವೂ ಮಂಕಾಗುತ್ತದೆ. ಆಗ ನಾವು ಮಣ್ಣನ್ನು ದೂರುತ್ತೇವೆ. ಎಷ್ಟೋ ವೇಳೆ ಕಾರಣ ಮಣ್ಣಿನಲ್ಲಿರುವುದಿಲ್ಲ. ಬೀಜಕ್ಕೆಂದು ನಾವು ಯಾವ ಹೂವನ್ನು ಬಿಟ್ಟೆವು ಎಂಬುದರಲ್ಲಿರುತ್ತದೆ. ಅದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಎಲ್ಲಿಂದ ಬಂತು?

ಜಿನ್ನಿಯಾದ ತವರು ಮೆಕ್ಸಿಕೊ ದೇಶ. ನಮ್ಮ ಹಬ್ಬಗಳಲ್ಲಿ ಬಾಗಿಲಿಗೆ ಕಟ್ಟುವ ಚೆಂಡುಹೂವೂ ಅದೇ ನಾಡಿನಿಂದ ಬಂದದ್ದು. ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಯೋಹಾನ್ ಗಾಟ್‌ಫ್ರೀಡ್ ಜಿನ್ ಎಂಬ ಪ್ರಾಧ್ಯಾಪಕರಿದ್ದರು. ಅವರು ಮನುಷ್ಯನ ಕಣ್ಣಿನ ರಚನೆಯನ್ನು ಕುರಿತು 1755ರಲ್ಲಿ ಗ್ರಂಥ ಬರೆದರು. 1759ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಸಸ್ಯಗಳಿಗೆ ಶಾಸ್ತ್ರೀಯ ಹೆಸರಿಡುವ ಕ್ರಮವನ್ನು ರೂಢಿಗೆ ತಂದ ಸ್ವೀಡನ್ನಿನ ಲಿನೇಯಸ್ ಅವರ ನೆನಪಿಗಾಗಿ ಈ ಗಿಡಕ್ಕೆ ಜಿನ್ನಿಯಾ ಎಂದು ಹೆಸರಿಟ್ಟನು.

ಒಂದು ಹೂವಲ್ಲ, ಹೂಗಳ ಗುಂಪು

ಜಿನ್ನಿಯಾ ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂಗಳ ಕುಟುಂಬಕ್ಕೆ ಸೇರಿದೆ. ನಾವು ಒಂದು ಹೂ ಎಂದುಕೊಳ್ಳುವುದು ನಿಜವಾಗಿ ಅನೇಕ ಪುಟ್ಟ ಹೂಗಳ ಗುಂಪು. ಅಂಚಿನ ಒಂದೊಂದು ಎಸಳೂ ಒಂದೊಂದು ಹೂ. ಅದರಲ್ಲಿ ಶಲಾಕೆ ಮಾತ್ರ ಇರುತ್ತದೆ, ಪರಾಗ ಇರುವುದಿಲ್ಲ. ನಡುವೆ ಹಳದಿ ನಕ್ಷತ್ರಗಳಂತೆ ಕಾಣುವ ಸಣ್ಣ ಹೂಗಳಲ್ಲಿ ಕೇಸರ, ಶಲಾಕೆ ಎರಡೂ ಇರುತ್ತವೆ. ಜೇನುನೊಣ, ಚಿಟ್ಟೆಗಳು ಅಲ್ಲಿಗೆ ಬಂದು ಪರಾಗವನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಒಯ್ಯುತ್ತವೆ. ಅಂಚಿನ ಹೂಗಳೂ ನಡುವಿನ ಹೂಗಳೂ ಬೀಜ ಕಟ್ಟುತ್ತವೆ. ಎಸಳಿನ ಸುತ್ತು ಹೆಚ್ಚಾದಷ್ಟೂ ನಡುವಿನ ಹೂಗಳು ಕಡಿಮೆ ಎಂಬುದನ್ನೂ ಗಮನಿಸಿ.

ಬಿತ್ತನೆ

ಶಾಲೆ ಪುನರಾರಂಭವಾಗುವ ಜೂನ್ ತಿಂಗಳ ಮೊದಲ ಮಳೆ ಬಿದ್ದಾಗ ಬಿತ್ತಿದರೆ ಸ್ವಾತಂತ್ರ್ಯ ದಿನದ ಹೊತ್ತಿಗೆ ಹೂ ನೋಡಬಹುದು. ಸುಮಾರು 3,000 ಅಡಿ ಎತ್ತರದ ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ತಂಪು ಹವೆಯಲ್ಲಿಯೂ ಸುಮಾರು 900 ಅಡಿಯ ಸೇಲಂ ಬಯಲಿನಲ್ಲಿಯೂ ಇದು ಬೆಳೆಯುತ್ತದೆ. ಬಯಲಿನಲ್ಲಿ ಏಪ್ರಿಲ್–ಮೇ ತಿಂಗಳ ಬಿರುಬಿಸಿಲಿಗೆ ಎಳೆಯ ಸಸಿ ಸಿಕ್ಕದಂತೆ ನೋಡಿಕೊಂಡರಾಯಿತು.

ಮಣ್ಣನ್ನು ಒಂದು ಗೇಣು ಆಳಕ್ಕೆ ಅಗೆದು, ಹೆಂಟೆ ಒಡೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ಮಡಿ ಮಾಡಿರಿ. ನೀರು ನಿಲ್ಲುವ ಜಾಗ ಬೇಡ. ಕಾಲಂಗುಲ ಆಳದಲ್ಲಿ ಬೀಜವಿಟ್ಟು ಪುಡಿಮಣ್ಣು ಮುಚ್ಚಿ, ಮೆಲ್ಲಗೆ ನೀರು ಚಿಮುಕಿಸಿರಿ. ನಾಲ್ಕರಿಂದ ಏಳು ದಿನಗಳಲ್ಲಿ ಮೊಳಕೆ ಬರುತ್ತದೆ. ಚಳಿ ಇದ್ದರೆ ಕೊಂಚ ತಡವಾಗಬಹುದು. ಬೇರು ಕದಲಿಸಿದರೆ ಸಸಿ ಸೊರಗುವುದರಿಂದ ಬೆಳೆಯಬೇಕಾದ ಜಾಗದಲ್ಲೇ ಬಿತ್ತುವುದು ಮೇಲು.

ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಇಲ್ಲಿ ಒಂದು ಮಾತು. ತಮಿಳಿನ ‘ಪೂ’ ಹಳಗನ್ನಡದಲ್ಲಿಯೂ ‘ಪೂ’ವೇ ಆಗಿತ್ತು; ಮುಂದೆ ಪಕಾರ ಹಕಾರವಾಗಿ ‘ಹೂ’ ಆಯಿತು. ತಮಿಳಿನ ‘ಮುಳೈ’ ನಮ್ಮ ‘ಮೊಳಕೆ’. ತಮಿಳಿನ ‘ವಿತ್ತು’ ನಮ್ಮ ‘ಬಿತ್ತು’. ಕನ್ನಡದಲ್ಲಿ ‘ಬಿತ್ತು’ ಎಂದರೆ ಬೀಜವೂ ಹೌದು, ಬೀಜ ಹಾಕುವ ಕೆಲಸವೂ ಹೌದು. ಎರಡನ್ನೂ ಒಂದೇ ಮಾತಿನಲ್ಲಿ ಹಿಡಿದಿಟ್ಟ ನಮ್ಮ ಹಿರಿಯರು ಒಕ್ಕಲುತನ ಬಲ್ಲವರು.

ಆರೈಕೆ

ಸಸಿಗಳ ನಡುವೆ ಒಂದಡಿ ಅಂತರವಿರುವಂತೆ ಹೆಚ್ಚಾದವನ್ನು ಕಿತ್ತುಹಾಕಿರಿ. ಗಿಡ ಒಂದು ಗೇಣು ಎತ್ತರ ಬಂದಾಗ ತುದಿ ಚಿವುಟಿದರೆ ಕವಲೊಡೆದು ಹೆಚ್ಚು ಹೂ ಬಿಡುತ್ತದೆ. ಜಿನ್ನಿಯಾದ ದೊಡ್ಡ ಶತ್ರು ಬೂದಿ ರೋಗ. ಎಲೆಯ ಮೇಲೆ ವಿಭೂತಿ ಬಳಿದಂತೆ ಬಿಳಿ ಪುಡಿ ಹರಡುತ್ತದೆ. ಗಿಡಗಳು ಒತ್ತಾಗಿದ್ದು ಗಾಳಿ ಆಡದಿದ್ದರೆ, ಬಿಸಿಲು ಸಾಲದಿದ್ದರೆ ಇದು ಬೇಗ ತಗಲುತ್ತದೆ. ಬೆಳಗಿನ ಹೊತ್ತು ಬುಡಕ್ಕೆ ಮಾತ್ರ ನೀರು ಹಾಕುವುದು ಒಳ್ಳೆಯ ಅಭ್ಯಾಸ. ಎಲೆಗಳು ಹೆಚ್ಚು ಹೊತ್ತು ತೇವವಾಗಿದ್ದರೆ ಎಲೆಚುಕ್ಕೆ ಮುಂತಾದ ಬೇರೆ ರೋಗಗಳೂ ಬರುತ್ತವೆ.

ಈ ವಿಷಯದಲ್ಲಿ ಅಂತರಿಕ್ಷದಿಂದಲೂ ಒಂದು ಪಾಠವಿದೆ. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ಬೆಳೆಸಿದ ಜಿನ್ನಿಯಾ ಗಿಡಗಳಲ್ಲಿ 2015ರ ಡಿಸೆಂಬರಿನಲ್ಲಿ ತೇವ ಹೆಚ್ಚಾಗಿ ಬೂಷ್ಟು ಕಾಣಿಸಿಕೊಂಡಿತು. ಆಗ ಅಮೆರಿಕದ ಗಗನಯಾತ್ರಿ ಸ್ಕಾಟ್ ಕೆಲ್ಲಿ, ಭೂಮಿಯಿಂದ ಬಂದ ವೇಳಾಪಟ್ಟಿಯಂತೆ ನೀರು ಹಾಕುವ ಬದಲು, ಹಿತ್ತಲಿನ ಗಿಡವನ್ನು ನೋಡಿ ನೀರೆರೆಯುವಂತೆ ತಾವೇ ನೋಡಿ ತೀರ್ಮಾನಿಸುವ ಅನುಮತಿ ಪಡೆದರು. 2016ರ ಜನವರಿಯಲ್ಲಿ ಅಲ್ಲಿ ಕಿತ್ತಳೆ ಬಣ್ಣದ ಹೂ ಅರಳಿತು. ಗಡಿಯಾರ ನೋಡಿ ನೀರು ಹಾಕಬೇಡಿ. ಮಣ್ಣನ್ನು ಮುಟ್ಟಿ ನೋಡಿ ಹಾಕಿರಿ.

ಬೀಜಕ್ಕೆ ಯಾವ ಹೂ?

ಈಗ ಮುಖ್ಯ ವಿಷಯಕ್ಕೆ ಬರೋಣ. ಹೂ ಅರಳಿದಾಗ ನಾವು ಏನು ಮಾಡುತ್ತೇವೆ? ಅತ್ಯಂತ ದೊಡ್ಡದನ್ನು, ಅಂದವಾದುದನ್ನು ಮೊದಲು ಕೀಳುತ್ತೇವೆ. ದೇವರ ಪಟಕ್ಕೆ ಒಂದು, ಮೇಜಿನ ಮೇಲಿನ ಹೂಜಿಗೆ ನಾಲ್ಕು. ಕೊನೆಗೆ ಗಿಡ ಸೋತು, ಯಾರಿಗೂ ಬೇಡವಾಗಿ ಉಳಿದ ಕಿರುಹೂಗಳೇ ಒಣಗಿ ಬೀಜವಾಗುತ್ತವೆ. ಕಳಪೆ ಗಿಡದ ಹೂ ಯಾರಿಗೂ ಬೇಡವಾದ್ದರಿಂದ ಅದರ ಬೀಜವೇ ಹೆಚ್ಚಾಗಿ ಉಳಿಯುತ್ತದೆ. ವರ್ಷ ವರ್ಷವೂ ಹೀಗೆಯೇ ನಡೆದರೆ ತಳಿ ಇಳಿಯದೆ ಇರುತ್ತದೆಯೇ?

ನಮ್ಮ ಕಡೆಯ ರಾಗಿ ಬೆಳೆಗಾರರು ಇದನ್ನು ಚೆನ್ನಾಗಿ ಬಲ್ಲರು. ಹೊಲದಲ್ಲಿ ನಿಂತ ಬೆಳೆಯಲ್ಲೇ ತುಂಬಿದ ತೆನೆಗಳನ್ನು ಆರಿಸಿ ಬಿತ್ತನೆಗೆ ಬೇರೆ ಇಡುತ್ತಿದ್ದರು. ಹಿತ್ತಲಲ್ಲಿ ಮೊದಲು ಬಿಟ್ಟ ಒಳ್ಳೆಯ ಸೌತೆಯನ್ನೋ ಕುಂಬಳವನ್ನೋ ಅಜ್ಜಿಯರು ಬೀಜಕ್ಕೆಂದು ಬಳ್ಳಿಯಲ್ಲೇ ಬಿಡುತ್ತಿದ್ದರು. ಎಷ್ಟೇ ಆಸೆಯಾದರೂ ಅದನ್ನು ಅಡಿಗೆಗೆ ಮುಟ್ಟುತ್ತಿರಲಿಲ್ಲ. ಹೂವಿಗೂ ಅದೇ ನ್ಯಾಯ.

ಆದುದರಿಂದ ರೋಗವಿಲ್ಲದ, ಗಟ್ಟಿ ಕಾಂಡದ ಗಿಡವೊಂದನ್ನು ಆರಿಸಿ, ಅದರ ಉತ್ತಮ ಹೂವಿನ ತೊಟ್ಟಿಗೆ ಬಣ್ಣದ ದಾರ ಕಟ್ಟಿರಿ. ಅದನ್ನು ಯಾರೂ ಕೀಳಬಾರದೆಂದು ಮನೆಯವರಿಗೆಲ್ಲ ಹೇಳಿರಿ. ತಾಯಿ ಗಿಡವನ್ನು ನಾವು ಆರಿಸಬಹುದು; ಪರಾಗ ಯಾವ ಗಿಡದಿಂದ ಬರಬೇಕೆಂದು ಜೇನುನೊಣಕ್ಕೆ ಹೇಳಲಾಗದು. ಆದ್ದರಿಂದ ಕಳಪೆ ಗಿಡಗಳನ್ನು ಅವುಗಳ ಮೊದಲ ಹೂವಿನಲ್ಲೇ ಗುರುತಿಸಿ ಕಿತ್ತುಬಿಡಿ.

ಹೂ ಅರಳಿದ ಐದಾರು ವಾರಗಳಲ್ಲಿ ತಲೆ ಕಂದಾಗಿ, ತೊಟ್ಟು ಒಣಗುತ್ತದೆ. ಆಗ ಕತ್ತರಿಸಿ ತಂದು ಒಂದು ವಾರ ನೆರಳಿನಲ್ಲಿ ಒಣಗಿಸಿರಿ. ಒಣಗಿದ ಎಸಳನ್ನು ಎಳೆದರೆ ಅದರ ಬುಡದಲ್ಲಿ ಬಾಣದ ಮೊನೆಯಂಥ ಬೀಜ ಬರುತ್ತದೆ. ನಡುವಿನ ಬೀಜಗಳು ಚಪ್ಪಟೆಯಾಗಿರುತ್ತವೆ. ಬೆರಳಿಗೆ ಗಟ್ಟಿಯಾಗಿ ಸಿಕ್ಕುವುದನ್ನು ಇಟ್ಟುಕೊಂಡು, ಕಾಗದದಂತೆ ಜೊಳ್ಳಾದುದನ್ನು ಬಿಡಿ. ಪ್ಲಾಸ್ಟಿಕ್ ಚೀಲ ಬೇಡ; ಕಾಗದದ ಲಕೋಟೆಯಲ್ಲಿ ಬಣ್ಣ, ತಿಂಗಳು ಬರೆದು ತಂಪಾದ ಒಣ ಜಾಗದಲ್ಲಿಡಿ.

ಜೂನ್ ಬಿತ್ತನೆಯ ಹೂಗಳು ಬಲಿಯುವ ಹೊತ್ತಿಗೆ ನಮ್ಮಲ್ಲಿ ಸೆಪ್ಟೆಂಬರ್–ಅಕ್ಟೋಬರ್ ಮಳೆ ಹಿಡಿದು, ತಲೆಗಳು ಗಿಡದಲ್ಲೇ ಕೊಳೆಯಬಹುದು. ಬೀಜವೇ ಬೇಕೆನ್ನುವವರು ನವೆಂಬರ್ ಕೊನೆಯಲ್ಲಿ ಒಂದು ಮಡಿ ಬಿತ್ತಿದರೆ, ಫೆಬ್ರವರಿ–ಮಾರ್ಚ್ ತಿಂಗಳ ಒಣ ಹವೆಯಲ್ಲಿ ಒಳ್ಳೆಯ ಬೀಜ ಸಿಗುತ್ತದೆ.

ತಂದೆ ತಾಯಂದಿರಿಗೆ ಒಂದು ಸೂಚನೆ. ಅಂಗಡಿಯ ಪೊಟ್ಟಣದ ಮೇಲೆ ‘ಎಫ್-1’ ಎಂದಿದ್ದರೆ ಅದು ಮಿಶ್ರತಳಿ. ಅದರ ಬೀಜದಿಂದ ಹುಟ್ಟಿದ ಗಿಡಗಳು ತಾಯಿಯಂತೆಯೇ ಇರುವುದಿಲ್ಲ. ಬೀಜ ಕಾಪಾಡುವ ಅಭ್ಯಾಸಕ್ಕೆ ಸಾಧಾರಣ ತಳಿಯ ಬೀಜವನ್ನೇ ಮಕ್ಕಳಿಗೆ ಕೊಡಿಸಿರಿ.

ಮಾಡಿ ನೋಡಿ

1. ಒಂದು ಜಿನ್ನಿಯಾ ಹೂವನ್ನು ಬಿಡಿಸಿ, ಅಂಚಿನ ಹೂಗಳೆಷ್ಟು, ನಡುವಿನ ಹೂಗಳೆಷ್ಟು ಎಣಿಸಿ ಬರೆಯಿರಿ.

2. ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ವಾರದಲ್ಲಿ ಎಂಟು ಮೊಳೆತರೆ ಮೊಳೆಯುವ ಪ್ರಮಾಣ ಶೇಕಡ 80. ನಾಲ್ಕೇ ಮೊಳೆತರೆ ಎಷ್ಟು? ಆಗ ಎಷ್ಟು ಪಟ್ಟು ಬೀಜ ಬಿತ್ತಬೇಕು?

3. ದೊಡ್ಡ ಹೂವಿನ ಬೀಜವನ್ನು ಒಂದು ಮಡಿಯಲ್ಲೂ ಕಿರುಹೂವಿನ ಬೀಜವನ್ನು ಇನ್ನೊಂದು ಮಡಿಯಲ್ಲೂ ಬಿತ್ತಿ, ಎರಡಕ್ಕೂ ಒಂದೇ ಗೊಬ್ಬರ, ಒಂದೇ ನೀರು ಕೊಟ್ಟು ಹೋಲಿಸಿರಿ.

4. ನಿಮ್ಮ ಬೀಜದ ಅರ್ಧವನ್ನು ಬೇರೆ ಊರಿನಿಂದ ಬರುವ ಸಹಪಾಠಿಗೆ ಕೊಡಿ. ನಿಮ್ಮ ಮಡಿ ಮಳೆಗೆ ಹಾಳಾದರೂ ತಳಿ ಅವರ ಮನೆಯಲ್ಲಿ ಉಳಿದಿರುತ್ತದೆ.