ತೇಲುವ ಕೊರಡು ಮುಳುಗುವುದೆಂತು?

ಮನೆಯಲ್ಲಿ ಗಾಜಿನ ತೊಟ್ಟಿಯನ್ನಿರಿಸಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗುಂಟು. ಮೀನುಗಳಿಗೆ ಮರೆಯಾಗಲೆಂದು, ಮಳೆಗಾಲದ ಹೊಳೆಯಲ್ಲಿ ತೇಲಿಬಂದ ಕೊರಡೊಂದನ್ನು ತೊಟ್ಟಿಯೊಳಗಿಟ್ಟರೆ ಅದು ತಳದಲ್ಲಿ ನಿಲ್ಲದೆ ಮೇಲೇಳುವುದು. ‘ಮರ ತೇಲುತ್ತದೆ, ಕಲ್ಲು ಮುಳುಗುತ್ತದೆ’ ಎಂದು ಪಾಠವೊಪ್ಪಿಸಿದವರಿಗೆ ಇಲ್ಲಿ ದಾರಿ ತೋಚದು. ಕಾರಣವನ್ನರಿಯದೆ ಅವಸರದ ಉಪಾಯಗಳನ್ನು ಹೂಡಿದರೆ ಮೀನುಗಳ ಪ್ರಾಣಕ್ಕೇ ಕುತ್ತು. ಆದುದರಿಂದ ಈ ವಿಷಯವನ್ನು ಕ್ರಮವಾಗಿ ವಿಚಾರಿಸೋಣ.

ಮರವು ಅಸಂಖ್ಯ ಸೂಕ್ಷ್ಮ ಕೋಶಗಳಿಂದಾದುದು. ಕೋಶಗಳ ಗೋಡೆಯ ದ್ರವ್ಯವು ನೀರಿನ ಸುಮಾರು 1.5 ಪಾಲು ಭಾರವುಳ್ಳದ್ದು. ಆದರೆ ಒಣಗಿದ ಮರದ ಕೋಶಗಳೊಳಗೆ ಗಾಳಿ ತುಂಬಿರುವುದರಿಂದ ಒಟ್ಟು ಕೊರಡು ನೀರಿಗಿಂತ ಹಗುರವಾಗುತ್ತದೆ. ಗಾಳಿಗೆ ಎಡೆ ಕಡಮೆಯಿರುವ ಕರಿಮರದ ತಿರುಳು ಒಣಗಿದ್ದರೂ ಮುಳುಗುವುದು.

ಒಂದು ಲೆಕ್ಕವನ್ನು ಮಾಡೋಣ. ಕೊರಡಿನ ತೂಕ 600 ಗ್ರಾಂ, ಗಾತ್ರ 1000 ಘನ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಗೋಡೆಯ ದ್ರವ್ಯದ ಪಾಲು 600 ÷ 1.5, ಎಂದರೆ 400 ಘನ ಸೆಂಟಿಮೀಟರ್. ಉಳಿದ 600 ಬರಿಯ ಗಾಳಿ. ಅಷ್ಟೇ ಗಾತ್ರದ ನೀರಿನ ತೂಕ 1000 ಗ್ರಾಂ. ಆದುದರಿಂದ ಕೊರಡು 400 ಗ್ರಾಂಗಿಂತ ಹೆಚ್ಚು ನೀರನ್ನು ಹೀರಬೇಕು. ಗಾಳಿಯ ಎಡೆಯಲ್ಲಿ ಮೂರರಲ್ಲಿ ಎರಡು ಪಾಲು ತುಂಬಿದೊಡನೆ ಅದು ಮುಳುಗತೊಡಗುವುದು.

ಇದಕ್ಕೆ ಮೂರು ಮಾರ್ಗಗಳುಂಟು. ಮೊದಲನೆಯದು, ಭಾರ ಹೇರಿ ನೀರಿನಲ್ಲಿ ನೆನೆಯಿಡುವುದು. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಎರಡನೆಯದು, ಹಿರಿಯರ ಸಹಾಯದಿಂದ ಕುದಿಸುವುದು. ಕಾವಿಗೆ ಗಾಳಿಯು ಹಿಗ್ಗಿ ಗುಳ್ಳೆಗಳಾಗಿ ಹೊರಡುವುದು. ಅದರ ಎಡೆಯಲ್ಲಿ ಆವಿ ನಿಲ್ಲುವುದು. ತಣಿಯುವಾಗ ಆವಿ ಮರಳಿ ನೀರಾಗಿ ಕುಗ್ಗುವುದರಿಂದ ಹೊರಗಿನ ನೀರು ಒಳಕ್ಕೆ ನುಗ್ಗುವುದು. ಆದುದರಿಂದ ಕೊರಡನ್ನು ಬಿಸಿಯಿರುವಾಗಲೇ ಹೊರತೆಗೆಯದೆ, ಅದೇ ನೀರಿನಲ್ಲಿ ಮುಳುಗಿಸಿಟ್ಟು ತಣಿಸತಕ್ಕದ್ದು. ಮೂರನೆಯದು ಕಲ್ಲು ಕಟ್ಟುವುದು. ಮೇಲಿನ ಕೊರಡಿಗೆ 400 ಗ್ರಾಂ ಕಲ್ಲು ಸಾಲದು, ಏಕೆಂದರೆ ಕಲ್ಲೂ ನೀರಿನಲ್ಲಿ ತನ್ನ ತೂಕದ ಒಂದಂಶವನ್ನು ಕಳೆದುಕೊಳ್ಳುವುದು. ನೀರಿನ 2.5 ಪಾಲು ಭಾರದ ಕಲ್ಲಾದರೆ ಸುಮಾರು 670 ಗ್ರಾಂ ಬೇಕು.

ಕೆಲವು ಎಚ್ಚರಿಕೆಗಳು ಅಗತ್ಯ. ಚಂದ್ರಗಿರಿ ಹೊಳೆಯ ಅಳಿವೆಯಂತಹ ಕಡೆ ದೊರೆತ ಕೊರಡಿನಲ್ಲಿ ಉಪ್ಪು ಸೇರಿರಬಹುದು. ಸಿಹಿನೀರಿನ ಮೀನುಗಳಿಗೆ ಅದು ಸಲ್ಲದು. ಬಣ್ಣ ಬಳಿದ ಇಲ್ಲವೆ ರಾಳ ಸೂಸುವ ಮರವನ್ನೂ ಬಿಡಬೇಕು. ಕಟ್ಟಲು ನೈಲಾನ್ ದಾರವಿರಲಿ. ತಾಮ್ರದ ತಂತಿ ಬೇಡ, ನೀರಿಗಿಳಿದ ತಾಮ್ರವು ಮೀನುಗಳಿಗೆ ವಿಷ. ಮರದ ಒಗರಿನಿಂದ ನೀರು ಚಹಾದ ಬಣ್ಣಕ್ಕೆ ತಿರುಗುವುದುಂಟು. ಇದರಿಂದ ಬಹುತೇಕ ಮೀನುಗಳಿಗೆ ಹಾನಿಯಿಲ್ಲ. ನೆನೆಯಿಟ್ಟ ನೀರನ್ನು ಆಗಾಗ ಬದಲಿಸಿದರೆ ಬಣ್ಣ ಕಡಮೆಯಾಗುವುದು.

ಕೊರಡು ಬಕೆಟ್ಟಿನ ತಳದಲ್ಲಿ ತಾನಾಗಿ ನಿಂತ ಮೇಲೆಯೇ ಅದನ್ನು ತೊಟ್ಟಿಗೆ ಇಳಿಸಬೇಕು. ಅಲ್ಲಿಯವರೆಗೆ ವಾರಕ್ಕೊಮ್ಮೆ ತೂಗಿ, ಹೀರಿದ ನೀರೆಷ್ಟೆಂದು ಪುಸ್ತಕದಲ್ಲಿ ಬರೆದಿಡುವಂತೆ ನಮ್ಮ ವಿದ್ಯಾರ್ಥಿಗಳಿಗೆ ಸೂಚಿಸುತ್ತೇವೆ. ಆರ್ಕಿಮಿಡೀಸನ ನಿಯಮವನ್ನು ತಮ್ಮ ಕೈಯಾರೆ ಅಳೆದು ಅರಿತ ಮಕ್ಕಳಿಗೆ ಅದನ್ನು ಬಾಯಿಪಾಠ ಮಾಡುವ ಕಷ್ಟವಿರದು.