ಆರು ಮೈಕ್ರೊಲೀಟರ್ ಹನಿ: ಮಾಡಬೇಕಾದ್ದು, ಮಾಡಬಾರದ್ದು

ಎಂ.ಕೆ. ಹುಬ್ಬಳ್ಳಿ, ಕಿತ್ತೂರು, ಬೈಲಹೊಂಗಲ ಭಾಗದಲ್ಲಿ ಕ್ಷಯದ ಪರೀಕ್ಷೆಗೆ ಕಫ ಕೊಡುವವರು, ಆ ಡಬ್ಬಿಯನ್ನು ಒಯ್ಯುವವರು, ಟ್ರೂನ್ಯಾಟ್ ಯಂತ್ರದ ಮುಂದೆ ಪಿಪೆಟ್ ಹಿಡಿದು ಕೂರುವವರು, ಈ ಮೂವರಿಗೂ ಈ ಸೂಚನೆ. ಗೋಡೆಗೆ ಅಂಟಿಸಿ ಮರೆಯುವುದಕ್ಕಲ್ಲ, ಕೆಲಸದ ಹೊತ್ತಿನಲ್ಲಿ ಪಾಲಿಸುವುದಕ್ಕೆ.

ಇಷ್ಟು ಬಿಗಿಯಾಗಿ ಹೇಳುವುದಕ್ಕೆ ಕಾರಣವಿದೆ. ಕಬ್ಬಿನ ಹಂಗಾಮು ಶುರುವಾದರೆ ಮಲಪ್ರಭೆಯ ದಂಡೆಯ ಹೊಲಗಳಿಗೆ ಬೇರೆ ಊರುಗಳಿಂದ ಕಬ್ಬು ಕಡಿಯುವ ಗ್ಯಾಂಗ್‌ಗಳು ಬರುತ್ತವೆ. ಒಂದೇ ಗುಡಿಸಲಿನಲ್ಲಿ ಇಡೀ ಕುಟುಂಬ ಮಲಗುತ್ತದೆ. ಅವರಲ್ಲೊಬ್ಬರ ಪರೀಕ್ಷೆ ಕೆಟ್ಟು, ಮತ್ತೆ ಕಫ ಕೊಡಿ ಎಂದು ಹೇಳಿಕಳಿಸುವಷ್ಟರಲ್ಲಿ ಗ್ಯಾಂಗ್ ಮುಂದಿನ ಊರಿಗೆ ಹೋಗಿರುತ್ತದೆ. ಕೆಟ್ಟ ಪರೀಕ್ಷೆ ಎಂದರೆ ವ್ಯರ್ಥವಾದ ಒಂದು ಚಿಪ್ ಮಾತ್ರವಲ್ಲ, ಕೈತಪ್ಪಿದ ಒಬ್ಬ ರೋಗಿ.

ಹನಿ ಎಷ್ಟು?

ಟ್ರೂನ್ಯಾಟ್ ನಮ್ಮ ನಾಡಿನದೇ ಸಾಧನೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡು, ಗೋವಾದ ಮಾಲ್‌ಬಯೋ ಡಯಾಗ್ನಾಸ್ಟಿಕ್ಸ್ ಮೂಲಕ ಊರೂರು ತಲುಪಿದ, ಕಫದಲ್ಲಿ ಕ್ಷಯದ ರೋಗಾಣುವಿನ ಡಿಎನ್‌ಎ ಹುಡುಕುವ ಈ ಪರೀಕ್ಷೆಗೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ದೊರೆಯಿತು. ಬ್ಯಾಟರಿಯ ಮೇಲೂ ನಡೆಯುತ್ತದೆ, ದೊಡ್ಡ ಲ್ಯಾಬ್ ಬೇಡ. ಆದರೆ ಅದರ ಚಿಪ್‌ನ ಬಿಳಿ ಗುಂಡಿಗೆ ಬೀಳಬೇಕಾದ ದ್ರವ ಬರೀ 6 ಮೈಕ್ರೊಲೀಟರ್. ಒಂದು ಮಿಲಿಲೀಟರ್‌ನಲ್ಲಿ ಇಂಥ ಸಾವಿರ ಮೈಕ್ರೊಲೀಟರ್ ಇರುತ್ತವೆ. ಕಣ್ಣಿಗೆ ಹಾಕುವ ಔಷಧಿಯ ಒಂದು ಹನಿಯೇ ಸುಮಾರು 50 ಮೈಕ್ರೊಲೀಟರ್. ಅಂದರೆ ಆ ಹನಿಯ ಎಂಟನೆಯ ಒಂದು ಪಾಲಿನ ಮೇಲೆ ಒಬ್ಬರ ರೋಗನಿರ್ಣಯ ನಿಂತಿದೆ.

ಸಣ್ಣ ಹನಿಯ ಕಷ್ಟ ಹೊಸದೇನಲ್ಲ. 1995ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ಯಾಟ್ರಿಕ್ ಬ್ರೌನ್ ಅವರ ತಂಡ ಗಾಜಿನ ಪಟ್ಟಿಯ ಮೇಲೆ ಡಿಎನ್‌ಎ ಚುಕ್ಕೆಗಳನ್ನಿಟ್ಟು, ಸಾಸಿವೆಯ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಗಿಡದ 45 ಜೀನ್‌ಗಳನ್ನು ಒಟ್ಟಿಗೆ ಅಳೆದು ತೋರಿಸಿತು. ಅದೇ ಡಿಎನ್‌ಎ ಮೈಕ್ರೊಅರೇ. ಮುಂದೆ ಒಂದೊಂದು ಪಟ್ಟಿಯ ಮೇಲೆ ಹತ್ತಾರು ಸಾವಿರ ಚುಕ್ಕೆಗಳು ಬಂದವು. ಲೋಹದ ಸೂಜಿ ಮುಟ್ಟಿಸಿ ಬಿಡುವ ಹನಿ ಒಂದು ನ್ಯಾನೊಲೀಟರ್ ಆಸುಪಾಸಿನದು. ಪ್ರಿಂಟರ್‌ನ ಇಂಕ್‌ಜೆಟ್ ಮಾದರಿಯಲ್ಲಿ ಚಿಮ್ಮಿಸಿದರೆ ಇನ್ನೂ ಸಣ್ಣದು, ಪಿಕೊಲೀಟರ್ ಲೆಕ್ಕದ್ದು. ಅಂಥ ಹನಿ ಚೆನ್ನಾಗಿ ಒಣಗದಿದ್ದರೆ, ಮೇಜಿನ ಮೇಲೆ ಚೆಲ್ಲಿದ ಚಹಾ ಒಣಗಿದಾಗ ಅಂಚಿನಲ್ಲಷ್ಟೇ ಕಪ್ಪು ಉಂಗುರ ಉಳಿಯುವಂತೆ, ಡಿಎನ್‌ಎಯೆಲ್ಲ ಅಂಚಿಗೆ ಸೇರಿ ನಡುವೆ ಖಾಲಿಯಾಗುತ್ತದೆ. ಅದಕ್ಕೇ ಆ ಯಂತ್ರಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಒಳಗಿನ ತೇವಾಂಶವನ್ನೂ ಹಿಡಿತದಲ್ಲಿಡುತ್ತಾರೆ.

ಟ್ರೂನ್ಯಾಟ್ ಚಿಪ್ ಮೈಕ್ರೊಅರೇ ಅಲ್ಲ. ಅದಕ್ಕಿರುವುದು ಒಂದೇ ಗುಂಡಿ. ಆದರೆ ಗಾಳಿಗುಳ್ಳೆ, ಆವಿಯಾಗುವಿಕೆ, ತಪ್ಪಿದ ಜಾಗ, ಪರಕೀಯ ಡಿಎನ್‌ಎ ಎಂಬ ನಾಲ್ಕು ಶತ್ರುಗಳು ಎರಡಕ್ಕೂ ಒಂದೇ. ಅಲ್ಲಿ ಅವುಗಳನ್ನು ರೋಬೊ ತಡೆಯುತ್ತದೆ. ಇಲ್ಲಿ ತಡೆಯಬೇಕಾದ್ದು ನಿಮ್ಮ ಹೆಬ್ಬೆರಳು.

ಕಫ ಕೊಡುವವರು

ನೀರಿನಿಂದ ಬಾಯಿ ಮುಕ್ಕಳಿಸಿ. ಬಯಲಿಗೆ, ಜನರಿಂದ ದೂರ ಹೋಗಿ. ಉಸಿರು ಆಳವಾಗಿ ಎಳೆದು, ಎದೆಯಿಂದ ಕೆಮ್ಮಿ ಕಫ ತೆಗೆಯಿರಿ. 2ರಿಂದ 5 ಮಿಲಿಲೀಟರ್ ಬೇಕು. ಬೆಳಿಗ್ಗೆ ಎದ್ದ ಕೂಡಲೇ ಬರುವ ಕಫ ಎಲ್ಲಕ್ಕಿಂತ ಒಳ್ಳೆಯದು.

ಉಗುಳು ತುಂಬಿ ಕೊಡಬೇಡಿ. ಉಗುಳಿನಲ್ಲಿ ರೋಗಾಣು ಸಿಗದೆ ಫಲಿತಾಂಶ ‘ಇಲ್ಲ’ ಎಂದು ಬಂದರೆ, ರೋಗ ಇಲ್ಲ ಎಂದು ನೀವು ನಂಬಿ ಮನೆಗೆ ಹೋಗುತ್ತೀರಿ, ಮನೆಯವರಿಗೆ ಹರಡುತ್ತೀರಿ. ಆಶಾ ಕಾರ್ಯಕರ್ತೆಯರು ಇದನ್ನು ನಮ್ಮ ಮಾತಿನಲ್ಲೇ ಹೇಳಬೇಕು: “ಯಜಮಾನ್ರ, ಉಗುಳು ಬ್ಯಾಡ್ರಿ. ಎದಿಯೊಳಗಿನ ಗಟ್ಟಿ ಕಫಾ ಬೇಕು. ಬರ್ಲಿಲ್ಲಂದ್ರ ನಾಳಿ ಮುಂಜಾನೆ ಕೊಡ್ರಿ, ಅವಸರ ಇಲ್ಲ.” ನಾಚಿಕೆಯಿಂದ ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಟ್ಟು ಅರ್ಧಂಬರ್ಧ ತುಂಬಿ ಕೊಡುವ ಹೆಣ್ಣುಮಕ್ಕಳಿಗೆ ಈ ಮಾತನ್ನು ಇನ್ನೊಮ್ಮೆ, ಪಕ್ಕಕ್ಕೆ ಕರೆದು ಹೇಳಿ.

ಡಬ್ಬಿ ಒಯ್ಯುವವರು

ಹೆಸರನ್ನು ಡಬ್ಬಿಯ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ. ಮುಚ್ಚಳಗಳು ಅದಲುಬದಲಾಗುತ್ತವೆ. ಮುಚ್ಚಳ ಬಿಗಿದು, ನೆಟ್ಟಗೆ ನಿಲ್ಲಿಸಿ, ತಂಪುಪೆಟ್ಟಿಗೆಯಲ್ಲಿ ಅದೇ ದಿನ ಮುಟ್ಟಿಸಿ. ಬೈಕಿನ ಡಿಕ್ಕಿಯಲ್ಲಿ, ಬಸ್ಸಿನ ಬಿಸಿಲಿನ ಕಿಟಕಿಯ ಬಳಿ ಇಡಬೇಡಿ. ಕೋರಿಕೆಯ ಪತ್ರವನ್ನು ಡಬ್ಬಿಗೆ ಸುತ್ತಬೇಡಿ. ಸೋರಿದರೆ ಎರಡೂ ಹಾಳು.

ಪಿಪೆಟ್ ಹಿಡಿಯುವವರು

ಇಲ್ಲಿ ಮೊದಲು ಒಂದು ಮಾತು ಸ್ಪಷ್ಟವಾಗಲಿ: ಕಿಟ್‌ನ ಜೊತೆ ಬರುವ ಸೂಚನಾಪತ್ರವೇ ಅಂತಿಮ. ಹೊಸ ಕಿಟ್ ಬಂದಾಗ ಅದನ್ನು ಮತ್ತೆ ಓದಿ. ‘ನನಗೆ ಗೊತ್ತು’ ಎನ್ನಬೇಡಿ.

ಕಫ ದ್ರವವಾಗುವ ಮುನ್ನ ಮುಂದುವರಿಯಬೇಡಿ. ಎಳೆಎಳೆಯಾಗಿ ಉಳಿದ ಕಫವನ್ನು ಹಾಗೇ ಹೀರಿದರೆ ಅಳತೆಯ ಅರ್ಧ ಮಿಲಿಲೀಟರ್ ಒಳಗೆ ಬರುವುದಿಲ್ಲ, ಬಂದದ್ದು ಡಿಎನ್‌ಎ ಬೇರ್ಪಡಿಸುವ ಕಾರ್ಟ್ರಿಡ್ಜ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಸಾಲಿನಲ್ಲಿ ಎಷ್ಟು ಡಬ್ಬಿಗಳು ಕಾದಿದ್ದರೂ ಸರಿ, ಕಫ ದ್ರವವಾಗುವ ಈ ನಿಮಿಷಗಳನ್ನು ಕದಿಯಬೇಡಿ.

ಚಿಪ್‌ನ ಪೊಟ್ಟಣವನ್ನು ಬೇಕಾದಾಗಷ್ಟೇ ಒಡೆಯಿರಿ. ಹರಿದ ಪೊಟ್ಟಣ, ಒಳಗಿನ ಸಿಲಿಕಾ ಚೀಲ ಬಣ್ಣ ಬದಲಿಸಿದ ಪೊಟ್ಟಣ, ಅವಧಿ ಮುಗಿದ ಪೊಟ್ಟಣ ಬಳಸಬೇಡಿ. ಚಿಪ್‌ಗಳನ್ನು 2ರಿಂದ 30 ಡಿಗ್ರಿಯೊಳಗೆ ಇಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಛಾವಣಿಯ ಸ್ಟೋರ್‌ರೂಮ್ ಇದಕ್ಕೆ ಲಾಯಕ್ಕಲ್ಲ. ಪುಡಿ ಸವರಿದ ಗ್ಲೌಸ್ ಹಾಕಬೇಡಿ. ಚಿಪ್‌ನ ಗುಂಡಿಯನ್ನು ಬೆರಳಿಂದ ಮುಟ್ಟಬೇಡಿ.

ಮೈಕ್ರೊಟ್ಯೂಬಿನ ತಳದಲ್ಲಿ ಬಿಳಿ ಒಣ ಉಂಡೆಯೊಂದು ಕೂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಪಿಸಿಆರ್, ಅಂದರೆ ಡಿಎನ್‌ಎಯನ್ನು ಇಮ್ಮಡಿಸುತ್ತ ಹೋಗುವ ಕ್ರಿಯೆ, ನಡೆಸುವ ಸರಂಜಾಮೆಲ್ಲ ಅದರಲ್ಲಿದೆ. ಯಂತ್ರ ಬೇರ್ಪಡಿಸಿಕೊಟ್ಟ ಡಿಎನ್‌ಎ ದ್ರವದಿಂದ, ಅಂದರೆ ಎಲ್ಯೂಟ್‌ನಿಂದ, 6 ಮೈಕ್ರೊಲೀಟರ್ ಅದಕ್ಕೆ ಹಾಕಿ, ಅರ್ಧ ನಿಮಿಷದಿಂದ ಒಂದು ನಿಮಿಷ ಸುಮ್ಮನೆ ಬಿಡಿ. ಉಂಡೆ ತಾನಾಗಿ ಕರಗಿ ದ್ರವ ತಿಳಿಯಾಗುತ್ತದೆ. ಟ್ಯೂಬನ್ನು ತಟ್ಟಬೇಡಿ, ಅಲುಗಾಡಿಸಬೇಡಿ, ಪಿಪೆಟ್‌ನಿಂದ ಮೇಲೆ ಕೆಳಗೆ ಹೀರಿ ಕಲಕಬೇಡಿ. ಕಲಕಿದರೆ ಗುಳ್ಳೆ ಏಳುತ್ತದೆ. ಆರು ಮೈಕ್ರೊಲೀಟರ್‌ನಲ್ಲಿ ಒಂದೇ ಗುಳ್ಳೆ ಎಷ್ಟು ಜಾಗ ತಿನ್ನುತ್ತದೆ ಎಂದು ಯೋಚಿಸಿ.

ಇನ್ನು ಪಿಪೆಟ್. ಒತ್ತುಗುಂಡಿಗೆ ಎರಡು ಹಂತಗಳಿವೆ. ಹೀರುವ ಮುನ್ನ ಮೊದಲ ಹಂತದವರೆಗೆ ಮಾತ್ರ ಒತ್ತಬೇಕು. ಎರಡನೆಯದಕ್ಕೆ ಒತ್ತಿ ಹೀರಿದರೆ ಹೆಚ್ಚು ದ್ರವ ಬರುತ್ತದೆ. ಹೊಸಬರು ಹೆಚ್ಚಾಗಿ ಮಾಡುವ ತಪ್ಪು ಇದೇ. ಒತ್ತಿ ಹಿಡಿದು, ಪಿಪೆಟ್ ನೆಟ್ಟಗಿಟ್ಟು, ಟಿಪ್‌ನ ತುದಿಯನ್ನು ದ್ರವದ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಇಳಿಸಿ. ಹೆಬ್ಬೆರಳನ್ನು ನಿಧಾನವಾಗಿ ಸಡಿಲಿಸಿ. ಫಕ್ಕನೆ ಬಿಟ್ಟರೆ ದ್ರವದ ಜೊತೆ ಗಾಳಿಯೂ ಬರುತ್ತದೆ. ಬಿಟ್ಟ ಮೇಲೆ ಒಂದು ಕ್ಷಣ ತಡೆಯಿರಿ, ಆಮೇಲೆ ತುದಿ ಮೇಲೆತ್ತಿ.

ಈಗ ಟಿಪ್ಪನ್ನು ಕಣ್ಣಿನ ನೇರಕ್ಕೆ ತನ್ನಿ. ಒಳಗೆ ಎಡೆಬಿಡದ ಒಂದು ದ್ರವದ ಕಂಬ ಕಾಣಬೇಕು. ತುದಿಯಲ್ಲಿ ಖಾಲಿ ಜಾಗ ಕಂಡರೆ, ಹೊರಮೈಗೆ ಹನಿ ಜೋತಿದ್ದರೆ, ನಡುವೆ ಗುಳ್ಳೆ ಇದ್ದರೆ ಅದು ಆರು ಮೈಕ್ರೊಲೀಟರ್ ಅಲ್ಲ. ಚಿಪ್‌ಗೆ ಹಾಕಬೇಡಿ. ಈ ಒಂದು ನೋಟಕ್ಕೆ ಎರಡು ಸೆಕೆಂಡ್ ಸಾಕು. ಈ ಸೂಚನೆಯಲ್ಲಿ ಎಲ್ಲ ಮರೆತರೂ ಇದನ್ನು ಮರೆಯಬೇಡಿ.

ಚಿಪ್‌ನ ಬಿಳಿ ಗುಂಡಿ ಮೇಲ್ಮುಖವಾಗಿರಲಿ. ಹನಿ ಗುಂಡಿಯ ನಟ್ಟನಡುವೆ ಬೀಳಬೇಕು. ಟಿಪ್ ತಳಕ್ಕೆ ತಾಗಿ ಗೀಚಬಾರದು, ಗುಂಡಿಯ ಹೊರಗೆ ಹನಿ ಚೆಲ್ಲಬಾರದು. ಹನಿ ಹಾಕಿದ ಕೂಡಲೇ ಪರೀಕ್ಷೆ ಶುರು ಮಾಡಿ. ಹನಿ ಹಾಕಿಟ್ಟು ಫೋನ್ ಎತ್ತಬೇಡಿ, ರಿಜಿಸ್ಟರ್ ಬರೆಯಬೇಡಿ. ಮಾತ್ರೆಯಷ್ಟೂ ಗಾತ್ರವಿಲ್ಲದ ಹನಿ, ಅದರ ಮೈಯೆಲ್ಲ ಗಾಳಿಗೆ ತೆರೆದಿರುತ್ತದೆ. ಕಿತ್ತೂರಿನ ಬೇಸಿಗೆಯಲ್ಲಿ ಅದು ಕಣ್ಣೆದುರೇ ಕುಗ್ಗುತ್ತದೆ. ಮೇಜಿನ ಮೇಲಿನ ಫ್ಯಾನ್ ಆ ಹೊತ್ತಿಗೆ ಬಂದ್ ಇರಲಿ. ಸೆಕೆಯಾಗುತ್ತದೆ ನಿಜ, ತಡೆದುಕೊಳ್ಳಿ.

ದ್ರವ ತುಂಬಿದ ಪಿಪೆಟ್ಟನ್ನು ಅಡ್ಡ ಮಲಗಿಸಬೇಡಿ. ದ್ರವ ಒಳಗೆ ಹರಿದರೆ ಪಿಪೆಟ್ಟೇ ಮಲಿನ, ಮುಂದಿನ ರೋಗಿಗಳ ಪರೀಕ್ಷೆಯೂ ಮಲಿನ. ಫಿಲ್ಟರ್ ಇರುವ ಟಿಪ್ ಮಾತ್ರ ಬಳಸಿ, ಪ್ರತಿ ಬಾರಿಗೂ ಹೊಸದು. ಟಿಪ್ ತೀರಿದೆ ಎಂದು ತೊಳೆದು ಬಳಸುವುದು ಅಪರಾಧಕ್ಕೆ ಸಮ. ಸ್ಟಾಕ್ ಮುಗಿಯುವ ಮುನ್ನವೇ ಬರೆದು ತರಿಸಿಕೊಳ್ಳಿ. ಟಿಪ್ ಇಲ್ಲದ ದಿನ ಪರೀಕ್ಷೆಯೂ ಇಲ್ಲ ಎಂದು ಹೇಳುವ ಧೈರ್ಯ ಇರಲಿ. ವರ್ಷಕ್ಕೊಮ್ಮೆ ಪಿಪೆಟ್ ಕ್ಯಾಲಿಬ್ರೇಶನ್ ಆಗಲೇಬೇಕು. ನೆಲಕ್ಕೆ ಬಿದ್ದ ಪಿಪೆಟ್ಟನ್ನು ಒರೆಸಿಕೊಂಡು ಬಳಸಬೇಡಿ, ಅದನ್ನು ಅಂದೇ ತಪಾಸಣೆಗೆ ಕಳಿಸಿ.

ಪರಕೀಯ ಡಿಎನ್‌ಎ

ಪಿಸಿಆರ್‌ನ ಪ್ರತಿ ಸುತ್ತಿನಲ್ಲೂ ಡಿಎನ್‌ಎ ತುಣುಕು ಇಮ್ಮಡಿಸುತ್ತದೆ. 30 ಸುತ್ತು ಮುಗಿಯುವಾಗ ಒಂದೇ ತುಣುಕು ನೂರು ಕೋಟಿ ದಾಟಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಕ್ಷಯದ ರೋಗಾಣು ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಅವು 5,000ದಿಂದ 10,000 ಇರಬೇಕು. ಟ್ರೂನ್ಯಾಟ್ ಅದಕ್ಕಿಂತ ಬಹಳ ಕಡಿಮೆ ಇದ್ದರೂ ಹಿಡಿಯುತ್ತದೆ. ಈ ಸೂಕ್ಷ್ಮತೆಯೇ ಅದರ ಬಲ. ಹಿಂದಿನ ರೋಗಿಯ ಹನಿಯ ಕಣವೊಂದು ಗ್ಲೌಸಿಗೆ ಅಂಟಿ ಇಂದಿನ ಟ್ಯೂಬಿಗೆ ಬಿದ್ದರೆ ಅದನ್ನೂ ಅಷ್ಟೇ ನಿಷ್ಠೆಯಿಂದ ತೋರಿಸುತ್ತದೆ. ರೋಗವಿಲ್ಲದವರು ಆರು ತಿಂಗಳು ಗುಳಿಗೆ ನುಂಗುತ್ತಾರೆ.

ಆದ್ದರಿಂದ ಮಾದರಿ ತಯಾರಿಸುವ ಜಾಗ, ಚಿಪ್‌ಗೆ ಹನಿ ಹಾಕುವ ಜಾಗ ಬೇರೆಬೇರೆ ಇರಲಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಗ್ಲೌಸ್ ಬದಲಿಸಿ. ಮುಗಿದ ಚಿಪ್, ಮೈಕ್ರೊಟ್ಯೂಬ್, ಟಿಪ್‌ಗಳನ್ನು 0.5 ಶೇಕಡಾ ಹೈಪೊದಲ್ಲಿ (ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ) 30 ನಿಮಿಷ ಮುಳುಗಿಸಿ, ಆಮೇಲೆ ಜೈವಿಕ ತ್ಯಾಜ್ಯಕ್ಕೆ ಹಾಕಿ. ಅಂಗಡಿಯ 5 ಶೇಕಡಾ ಹೈಪೊ ಆದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು. ದಿನಾ ಬೆಳಿಗ್ಗೆ ಹೊಸದಾಗಿ ಕಲಸಿ. ನಿನ್ನೆಯ ಹೈಪೊ ವಾಸನೆ ಹೊಡೆದರೂ ಕೆಲಸ ಮಾಡುತ್ತದೆಂದು ನಂಬಬೇಡಿ. ಮುಗಿದ ಚಿಪ್ಪನ್ನು ಮೇಜಿನ ಖಾನೆಯಲ್ಲಿ ಕೂಡಿಡಬೇಡಿ.

ಫಲಿತಾಂಶ ಬಂದ ಮೇಲೆ

‘ಇನ್‌ವ್ಯಾಲಿಡ್’ ಎಂದರೆ ರೋಗವಿಲ್ಲ ಎಂದಲ್ಲ. ಪರೀಕ್ಷೆಯೇ ನಡೆದಿಲ್ಲ ಎಂದರ್ಥ. ಅದನ್ನು ‘ನೆಗೆಟಿವ್’ ಎಂದು ಬರೆಯಬೇಡಿ, ಯಾರು ಅವಸರ ಮಾಡಿದರೂ ಬರೆಯಬೇಡಿ. ಮತ್ತೆ ಮಾಡಿ. ಚಿಪ್ ಹಾಳಾಯಿತಲ್ಲ ಎಂದು ಮುಚ್ಚಿಡಬೇಡಿ. ರಿಜಿಸ್ಟರಿನಲ್ಲಿ ದಿನಾಂಕ ಸಮೇತ ಬರೆಯಿರಿ. ಒಂದೇ ವಾರದಲ್ಲಿ ಹಲವು ಸಲ ಹೀಗಾದರೆ ದೋಷ ಪಿಪೆಟ್‌ನದೋ ಕಿಟ್‌ನದೋ ಕೈಯದೋ ಎಂದು ಹುಡುಕುವ ದಾರಿ ಆ ದಾಖಲೆ ಮಾತ್ರ. ಮೇಲಧಿಕಾರಿಗಳಿಗೂ ಒಂದು ಮಾತು: ಇನ್‌ವ್ಯಾಲಿಡ್ ಬರೆದವರನ್ನು ಗದರಬೇಡಿ. ಗದರಿದರೆ ಮುಂದಿನ ಸಲ ಅವರು ಬರೆಯುವುದಿಲ್ಲ.

ರೋಗಾಣು ಕಂಡುಬಂದರೆ ಉಳಿದ ಎಲ್ಯೂಟ್ ಚೆಲ್ಲಬೇಡಿ. ರಿಫಾಂಪಿಸಿನ್ ಔಷಧಿ ನಾಟುತ್ತದೋ ಇಲ್ಲವೋ ಎಂಬುದನ್ನು ಅದರಿಂದಲೇ ಇನ್ನೊಂದು ಚಿಪ್‌ನಲ್ಲಿ ನೋಡಬೇಕು. ಚಿಕಿತ್ಸೆ ನಡೆಯುತ್ತಿರುವಾಗ ಗುಣವಾಯಿತೇ ಎಂದು ತಿಳಿಯಲು ಈ ಪರೀಕ್ಷೆ ಮಾಡಬೇಡಿ. ಸತ್ತ ರೋಗಾಣುವಿನ ಡಿಎನ್‌ಎಯನ್ನೂ ಅದು ತೋರಿಸುತ್ತದೆ, ರೋಗಿ ವೃಥಾ ಹೆದರುತ್ತಾರೆ.

ಫಲಿತಾಂಶವನ್ನು ವರಾಂಡದಲ್ಲಿ ಹೆಸರು ಕೂಗಿ ಹೇಳಬೇಡಿ. ಒಳಗೆ ಕರೆದು, ಕೂರಿಸಿ ಹೇಳಿ. ಅಂದೇ ಕ್ಷಯ ರೋಗಿಗಳ ಸರ್ಕಾರಿ ನೋಂದಣಿ ಜಾಲತಾಣವಾದ ನಿಕ್ಷಯ್‌ನಲ್ಲಿ ನೋಂದಾಯಿಸಿ, ಊರು ಬಿಡುವವರಾದರೆ ಮುಂದೆ ಹೋಗುವ ಊರಿನ ಹೆಸರನ್ನೂ ಬರೆದುಕೊಳ್ಳಿ. ಅಲ್ಲಿಯೂ ಗುಳಿಗೆ ಸಿಗುವಂತೆ ಮಾಡಬಹುದು. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ ಎಂಬುದನ್ನು ತಪ್ಪದೆ ತಿಳಿಸಿ. 2024ರ ನವೆಂಬರ್‌ಗೆ ಮುಂಚೆ ಅದು 500 ಇತ್ತು.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ಇಳಿಯುತ್ತಿರುವ ತೂಕ ಇದ್ದರೆ ಹಂಗಾಮು ಮುಗಿಯಲಿ ಎಂದು ಕಾಯಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಬಂದು ಕಫ ಕೊಡಿ, ಪರೀಕ್ಷೆಯೂ ಔಷಧಿಯೂ ಉಚಿತ. ಕೇಳುವುದಿದ್ದರೆ 1800-11-6666ಕ್ಕೆ ಕರೆ ಮಾಡಿ, ಆ ಕರೆಗೂ ದುಡ್ಡಿಲ್ಲ.