ಸೈಕಲ್ ತುಳಿಯಿರಿ, ಆದರೆ ಎಲ್ಲಿ?

ಹೊಳೆನರಸೀಪುರದಿಂದ ನನ್ನಲ್ಲಿಗೆ ಬರುವ ಒಬ್ಬ ರೋಗಿಯ ವಿಷಯದಿಂದ ಆರಂಭಿಸುತ್ತೇನೆ. ಐವತ್ತು ದಾಟಿದವರು, ಬಟ್ಟೆ ಅಂಗಡಿ ಇದೆ. ಬೆಳಗ್ಗೆಯಿಂದ ರಾತ್ರಿಯವರೆಗೆ ಗಲ್ಲಾದ ಹಿಂದೆ ಕೂರುವ ಕೆಲಸ. ಸಕ್ಕರೆ ಕಾಯಿಲೆಯ ಜೊತೆಗೆ ಮಂಡಿನೋವು. ನಡೆಯಲು ಕಷ್ಟ ಎಂದಾಗ "ಸೈಕಲ್ ತುಳಿಯಿರಿ" ಎಂದು ಹೇಳಿದವನು ನಾನೇ. ಅವರು ಮಗನ ಹಳೆಯ ಸೈಕಲ್ ರಿಪೇರಿ ಮಾಡಿಸಿ ಮುಖ್ಯರಸ್ತೆಗೆ ಇಳಿದರು. ಎರಡನೇ ವಾರದಲ್ಲಿ ಹಿಂದಿನಿಂದ ಬಂದ ಲಾರಿಯ ಹಾರ್ನಿಗೆ ಬೆಚ್ಚಿ, ರಸ್ತೆಯ ಅಂಚಿನಿಂದ ಜಾರಿ ಬಿದ್ದು ಕೊರಳೆಲುಬು ಮುರಿದುಕೊಂಡರು. ಪಟ್ಟಿ ಕಟ್ಟಿಸಿಕೊಂಡು ಬಂದು ಕೂತವರು ಹೇಳಿದ್ದು ಇಷ್ಟೇ: "ಡಾಕ್ಟರ್ ಸಾಬ್, ಸೈಕಲ್ ತುಳೀರಿ ಅಂದ್ರಿ. ಎಲ್ಲಿ ತುಳೀಬೇಕು ಅಂತ ಹೇಳ್ಲಿಲ್ಲ."

ಔಷಧಿಯ ಪ್ರಮಾಣ, ಹೊತ್ತು ಎಲ್ಲ ಬರೆಯುವ ನಾನು ವ್ಯಾಯಾಮದ ಜಾಗವನ್ನು ಬರೆದಿರಲಿಲ್ಲ. ಆ ತಪ್ಪನ್ನು ಇಲ್ಲಿ ತಿದ್ದಿಕೊಳ್ಳುತ್ತಿದ್ದೇನೆ.

ಗಾಳಿಯೂ ಬೇಕು, ಚಲನೆಯೂ ಬೇಕು

ಆರೋಗ್ಯಕ್ಕೆ ಆರು ಅನಿವಾರ್ಯ ಸಂಗತಿಗಳಿವೆ ಎನ್ನುತ್ತದೆ ಯೂನಾನಿ ಪದ್ಧತಿ. ಇವುಗಳಿಗೆ 'ಅಸ್ಬಾಬೆ ಸಿತ್ತಾ ಜರೂರಿಯಾ' ಎಂದು ಹೆಸರು: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ಮಲಿನವನ್ನು ಹೊರಹಾಕುವುದು ಮತ್ತು ಬೇಕಾದುದನ್ನು ಉಳಿಸಿಕೊಳ್ಳುವುದು. ಪಟ್ಟಿಯಲ್ಲಿ ಮೊದಲಿರುವುದು ಗಾಳಿ.

ಈಗ ಯೋಚಿಸಿ. ಬಸ್ಸು ಲಾರಿಗಳ ನಡುವೆ ಸೈಕಲ್ ತುಳಿಯುವವನಿಗೆ ದೇಹದ ಚಲನೆ ಸಿಗುತ್ತದೆ, ಆದರೆ ಗಾಳಿ ಕೆಡುತ್ತದೆ. ವ್ಯಾಯಾಮ ಮಾಡುವಾಗ ಉಸಿರು ಹೆಚ್ಚುವುದರಿಂದ ಹೊಗೆಯೂ ಹೆಚ್ಚಾಗಿ ಒಳಹೋಗುತ್ತದೆ. ಹಿಂದಿನಿಂದ ಬರುವ ವಾಹನದ ಭಯದಲ್ಲಿ ಮನಸ್ಸಿಗೂ ವಿಶ್ರಾಂತಿ ಇಲ್ಲ. ಒಂದು ಲಾಭಕ್ಕೆ ಎರಡು ನಷ್ಟ. ಮರಗಳಿರುವ, ವಾಹನಗಳಿಲ್ಲದ ದಾರಿಯಲ್ಲಾದರೆ ಮೂರೂ ಒಟ್ಟಿಗೆ ಸಿಗುತ್ತವೆ.

ಬೇರೆಡೆ ಏನು ಮಾಡಿದ್ದಾರೆ?

ಸ್ಪೇನಿನ ರಾಜಧಾನಿ ಮ್ಯಾಡ್ರಿಡ್ ಒಂಬತ್ತನೇ ಶತಮಾನದಲ್ಲಿ ಕೊರ್ದೊಬಾದ ಅಮೀರ್ ಒಂದನೇ ಮುಹಮ್ಮದ್ ಕಟ್ಟಿಸಿದ ಕೋಟೆಯ ಸುತ್ತ ಬೆಳೆದ ಊರು. ಅದರ ಪಕ್ಕದಲ್ಲೇ 'ಕಾಸಾ ದೆ ಕಾಂಪೊ' ಎಂಬ ಓಕ್ ಮತ್ತು ಪೈನ್ ಮರಗಳ ವಿಶಾಲ ಕಾಡಿದೆ. 1,700 ಹೆಕ್ಟೇರ್‌ಗಿಂತ ದೊಡ್ಡದು. ಮೊದಲು ರಾಜರ ಬೇಟೆಯ ಕಾಡಾಗಿತ್ತು, 1931ರಲ್ಲಿ ಜನರ ಪಾಲಾಯಿತು. ಅದರ ಒಳಗಿನ ಡಾಂಬರು ರಸ್ತೆಗಳಲ್ಲಿ ಹೆಚ್ಚಿನವನ್ನು ಮೋಟಾರು ವಾಹನಗಳಿಗೆ ಮುಚ್ಚಿದ್ದಾರೆ. ಕಾರು ಓಡುತ್ತಿದ್ದ ರಸ್ತೆಯಲ್ಲಿ ಇಂದು ಮಕ್ಕಳು, ಮುದುಕರು ಸೈಕಲ್ ತುಳಿಯುತ್ತಾರೆ.

ಅಷ್ಟು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕ್ 1870ರಲ್ಲಿ ರೂಪುಗೊಂಡ ಉದ್ಯಾನ. ಅದರ ರಕ್ಷಣೆಗೆ 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಇದೆ. ಭಾನುವಾರ ಅದರ ಒಳರಸ್ತೆಗಳಿಗೆ ವಾಹನ ಬಿಡುವುದಿಲ್ಲ. ಅಲ್ಲಿ ಹೊಸ ರಸ್ತೆ ಕಟ್ಟಲಿಲ್ಲ, ಇದ್ದ ರಸ್ತೆಯ ಗೇಟು ಹಾಕಿದರು, ಅಷ್ಟೇ.

ನಮ್ಮ ಊರುಗಳಲ್ಲಿ

ಹಾಸನದವರಿಗೆ ಊರ ಹೊರಗೆ ಅರಣ್ಯ ಇಲಾಖೆಯ ಗೆಂಡೆಕಟ್ಟೆ ಇದೆ. ಹೋಗುವ ಮೊದಲು ಸಿಬ್ಬಂದಿಯನ್ನು ಕೇಳಿ, ಅವರು ಒಪ್ಪಿದ ದಾರಿಯಲ್ಲಿ ಮಾತ್ರ, ಒಪ್ಪಿದ ಹೊತ್ತಿನಲ್ಲಿ ಮಾತ್ರ ತುಳಿಯಿರಿ. ಕಾಡು ನಮ್ಮದಷ್ಟೇ ಅಲ್ಲ. ಪ್ಲಾಸ್ಟಿಕ್ ಬಿಸಾಡಬೇಡಿ, ಬೀಡಿ ಸಿಗರೇಟಿನ ಕಿಡಿಯಂತೂ ಬೇಡವೇ ಬೇಡ.

ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಹೇಮಾವತಿ ನಾಲೆಯ ಏರಿಯ ಮೇಲೆ ಸೈಕಲ್ ಬಿಡುವ ಆಸೆ ಹಲವರಿಗೆ. ದಾರಿ ಶಾಂತವಾಗಿರಬಹುದು, ಆದರೆ ತಡೆಗೋಡೆ ಇಲ್ಲದ ಕಡೆ ಜಾರಿದರೆ ನೀರಿಗೇ. ಮಕ್ಕಳನ್ನು ಖಂಡಿತ ಕಳುಹಿಸಬೇಡಿ. ಅರಕಲಗೂಡು ತಾಲ್ಲೂಕಿನ ಕಾಡಂಚಿನವರೂ, ಆಲೂರು, ಸಕಲೇಶಪುರ, ಬೇಲೂರಿನ ಕಡೆಗೆ ಹೋಗುವವರೂ ಆನೆಗಳ ವಿಷಯ ಮರೆಯಬಾರದು. ಅಂಥ ಕಡೆ ಮಬ್ಬು ಬೆಳಕಿನಲ್ಲಿ ಒಬ್ಬರೇ ಹೊರಡುವುದು ವ್ಯಾಯಾಮವಲ್ಲ, ಪ್ರಾಣದ ಜೊತೆ ಆಟ.

ಉಳಿದದ್ದು ಯಾವುದು? ಶಾಲಾ ಕಾಲೇಜಿನ ಮೈದಾನ, ಮರಗಳಿರುವ ಬಡಾವಣೆಯ ಒಳರಸ್ತೆ, ತೋಟದ ನಡುವಿನ ಹಳ್ಳಿರಸ್ತೆ. ಫಜ್ರ್ ನಮಾಜ್ ಮುಗಿದು ಬೆಳಕು ಹರಿದ ಮೇಲಿನ ಒಂದು ಗಂಟೆ ಇವುಗಳಲ್ಲಿ ವಾಹನ ತೀರಾ ಕಡಿಮೆ.

ಎಷ್ಟು, ಹೇಗೆ?

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ದಿನ, ದಿನಕ್ಕೆ ಅರ್ಧ ಗಂಟೆ ಎಂದಿಟ್ಟುಕೊಳ್ಳಿ. ಹೊಸಬರು ಹತ್ತು ನಿಮಿಷದಿಂದ ಆರಂಭಿಸಿ.

ಇಬ್ನ್ ಸೀನಾ ತಮ್ಮ 'ಅಲ್-ಕಾನೂನ್' ಗ್ರಂಥದಲ್ಲಿ ವ್ಯಾಯಾಮಕ್ಕೆ ಪ್ರತ್ಯೇಕ ವಿವರಣೆ ಕೊಟ್ಟಿದ್ದಾರೆ. ಅದರ ಸಾರ ಇಷ್ಟು: ಹೊಟ್ಟೆ ತುಂಬಿರುವಾಗಲೂ ಬೇಡ, ಹಸಿದು ಬಳಲಿರುವಾಗಲೂ ಬೇಡ. ಮುಖದಲ್ಲಿ ಕೆಂಪು ಏರುತ್ತಿದ್ದು, ಮೈ ಹಗುರವಾಗಿ ಆಡುತ್ತಿರುವವರೆಗೆ ಮುಂದುವರಿಸಬಹುದು. ದಣಿವು ಕಾಣಿಸಿದಾಗ ನಿಲ್ಲಿಸಬೇಕು. ಇಂದಿನ ಭಾಷೆಯಲ್ಲಿ, ತುಳಿಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ.

ಮಂಡಿನೋವಿನವರಿಗೆ ಸೀಟಿನ ಎತ್ತರ ಮುಖ್ಯ. ಪೆಡಲ್ ಕೆಳಗಿರುವಾಗ ಕಾಲು ಬಹುತೇಕ ನೀಳವಾಗಿ, ಮಂಡಿ ಸ್ವಲ್ಪ ಮಾತ್ರ ಬಾಗಿರಬೇಕು. ಸೀಟು ತೀರಾ ತಗ್ಗಾದರೆ ನೋವು ಹೆಚ್ಚುತ್ತದೆ.

ಯಾರಿಗೆ ಎಚ್ಚರ?

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಒಮ್ಮೆಲೇ ಇಳಿಯಬಹುದು. ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಲಿ. ನಡುಕ, ತಣ್ಣನೆಯ ಬೆವರು, ತಲೆಸುತ್ತು ಬಂದರೆ ಕೂಡಲೇ ಇಳಿದು ಅದನ್ನು ಬಾಯಿಗೆ ಹಾಕಿಕೊಳ್ಳಿ. ಮನೆಗೆ ಬಂದು ಪಾದಗಳನ್ನು ನೋಡಿಕೊಳ್ಳಿ. ರಮಝಾನಿನ ಉಪವಾಸದ ಹೊತ್ತಿನಲ್ಲಿ ದೂರ ತುಳಿಯಬೇಡಿ. ಹೃದ್ರೋಗ ಇರುವವರು, ಬಿಪಿ ಹತೋಟಿಗೆ ಬರದವರು, ಕಣ್ಣಿನ ಒಳಪೊರೆಗೆ ಸಕ್ಕರೆಯ ತೊಂದರೆ ಆದವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಎದೆ ಹಿಡಿದರೆ ಮನೆಗೆ ಅಲ್ಲ, ನೇರ ಆಸ್ಪತ್ರೆಗೆ. ಸೈಕಲ್ ತುಳಿಯುತ್ತೇನೆಂದು ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಅದು ಯೂನಾನಿಯದಾಗಲಿ, ಅಲೋಪತಿಯದಾಗಲಿ.

ಮನೆಯ ಹೆಣ್ಣುಮಕ್ಕಳು

2006-07ರಿಂದ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ನಮ್ಮ ಎಷ್ಟೋ ಹುಡುಗಿಯರು ಅದರಲ್ಲೇ ಶಾಲೆಗೆ ಹೋದರು. ಮದುವೆಯಾದ ಮೇಲೆ ಅದೇ ಹುಡುಗಿಯರು ಚಿಕ್ಕ ವಯಸ್ಸಿಗೇ ಸಕ್ಕರೆ, ಮಂಡಿನೋವು ಎಂದು ನನ್ನ ಮುಂದೆ ಕೂರುತ್ತಾರೆ. ಅವರಿಗೂ ಗಾಳಿ ಬೇಕು, ಚಲನೆ ಬೇಕು. ವಾಹನವಿಲ್ಲದ, ನಾಲ್ಕು ಮನೆಯ ಹೆಂಗಸರು ಒಟ್ಟಿಗೆ ಹೋಗಬಹುದಾದ ಜಾಗವಿದ್ದರೆ ಮನೆಯವರ ಅರ್ಧ ಆತಂಕ ಕಳೆಯುತ್ತದೆ. ಬುರ್ಖಾ, ದುಪಟ್ಟಾ ಚೈನಿಗೋ ಚಕ್ರಕ್ಕೋ ಸಿಕ್ಕದಂತೆ ಪೂರ್ತಿ ಮುಚ್ಚಿದ ಚೈನ್ ಕವರ್ ಮತ್ತು ಹಿಂಚಕ್ರಕ್ಕೆ ಜಾಲರಿ ಹಾಕಿಸಿ. ಖರ್ಚು ಅಲ್ಪ, ತಪ್ಪುವ ಅಪಾಯ ದೊಡ್ಡದು.

ನನ್ನ ರೋಗಿಯ ಮೂಳೆ ಕೂಡಿದೆ. ಈಗ ಅವರು ಬೆಳಗ್ಗೆ ಒಂದು ಶಾಲೆಯ ಮೈದಾನದಲ್ಲಿ ಸುತ್ತು ಹಾಕುತ್ತಾರೆ, ಜೊತೆಗೆ ಇಬ್ಬರು ನೆರೆಯವರು. "ಸುತ್ತಿ ಸುತ್ತಿ ಬೇಜಾರು" ಎನ್ನುತ್ತಾರೆ, ಬಿಟ್ಟಿಲ್ಲ. ಭಾನುವಾರ ಬೆಳಗ್ಗೆ ಎರಡು ಗಂಟೆ, ಮರಗಳಿರುವ ಒಂದು ರಸ್ತೆಗೆ ವಾಹನ ಬಿಡಬೇಡಿ ಎಂದು ನಿಮ್ಮ ಊರಿನ ಆಡಳಿತಕ್ಕೆ ಒಂದು ಅರ್ಜಿ ಕೊಡಿ. ಜಮಾಅತ್ ಒಂದೇ ಅಲ್ಲ, ಬೀದಿಯ ಎಲ್ಲರೂ ಸಹಿ ಹಾಕಲಿ. ಸಕ್ಕರೆ ಕಾಯಿಲೆ ಯಾವ ಮನೆಯನ್ನೂ ಬಿಟ್ಟಿಲ್ಲ.